ಹೊಗೆಕೊಳವೆಯಲ್ಲಿ ಆಮ್ಲಜನಕ ಸಂವೇದಕದ ಸ್ಥಾನ

ಪೆಟ್ರೋಲು ಎಂಜಿನ್ನಿನೊಳಗೆ ಇಂಧನವು ಹೇಗೆ ಉರಿಯುತ್ತಿದೆ ಎಂಬುದನ್ನು ಕಣ್ಣಾರೆ ಕಾಣುವುದು ಸಾಧ್ಯವಿಲ್ಲ. ಉರಿದು ಹೊರಬಂದ ಅನಿಲವನ್ನು ಪರೀಕ್ಷಿಸಿ ಒಳಗಿನ ಸ್ಥಿತಿಯನ್ನು ತಿಳಿಯಬೇಕು. ಹಿಂದಿನ ತಲೆಮಾರಿನ ಮೆಕ್ಯಾನಿಕರು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ತುದಿಯ ಬಣ್ಣ ನೋಡಿ ಹೇಳುತ್ತಿದ್ದರು: ಕಾಡಿಗೆಯಂತೆ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು, ಬಿಳಿಚಿಕೊಂಡಿದ್ದರೆ ಕಡಿಮೆ, ತಿಳಿಗಂದು ಬಣ್ಣವಿದ್ದರೆ ಸರಿ. ಇಂದು ಅದೇ ಕೆಲಸಕ್ಕೆ ಆಮ್ಲಜನಕ ಸಂವೇದಕ ಬಂದಿದೆ. ಗ್ಯಾರೇಜುಗಳಲ್ಲಿ ಇದನ್ನು ವೈಡ್‌ಬ್ಯಾಂಡ್ ಸೆನ್ಸರ್ ಎಂದು ಕರೆಯುತ್ತಾರೆ. ಇದರ ಮೀಟರು ಅಂಕೆಗಳಲ್ಲಿಯೇ ಉತ್ತರ ಕೊಡುತ್ತದೆ. ಆದರೆ ಆ ಉತ್ತರ ಸತ್ಯವೊ ಅಲ್ಲವೊ ಎಂಬುದು ಸಂವೇದಕವನ್ನು ಕೊಳವೆಯ ಯಾವ ಜಾಗದಲ್ಲಿ ಕೂರಿಸಿದ್ದೇವೆ ಎಂಬುದನ್ನು ಬಹಳಮಟ್ಟಿಗೆ ಅವಲಂಬಿಸಿದೆ.

ಈ ವಿಷಯವನ್ನು ಬರೆಯಲು ಪ್ರೇರಣೆಯಾದ ಸಂಗತಿಯನ್ನು ಹೇಳಿಬಿಡುತ್ತೇನೆ. ನಮ್ಮ ಶಾಲೆಯಲ್ಲಿ ಓದಿ, ಈಗ ಹಳೆಯ ಕಾರುಗಳ ದುರಸ್ತಿಯನ್ನೇ ಕಸುಬಾಗಿಸಿಕೊಂಡಿರುವ ವಿದ್ಯಾರ್ಥಿಯೊಬ್ಬನು ಒಂದು ಸಂಜೆ ಮನೆಗೆ ಬಂದನು. ಅವನ ಕೈಯಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಕಾರು ಇತ್ತು. ಕಾರ್ಬ್ಯುರೇಟರನ್ನು ಹದಗೊಳಿಸಲೆಂದು ಅವನು ಸಂವೇದಕವನ್ನು ಕೊಂಡು, ಕೊಳವೆಗೆ ರಂಧ್ರ ಕೊರೆಯಲು ಮನಸ್ಸಾಗದೆ, ಸೈಲೆನ್ಸರಿನ ಹಿಂಬದಿಯ ಬಾಯಿಗೆ ಒಂದು ಹಿಡಿಕೆಯಿಂದ ಸಿಕ್ಕಿಸಿದ್ದನು. ಎಂಜಿನ್ನು ನಿಂತಲ್ಲೇ ನಿಧಾನವಾಗಿ ಓಡುವಾಗ ಮೀಟರು 16 ತೋರಿಸಿತು, ಅಂದರೆ ಪೆಟ್ರೋಲು ಸಾಲದು. ಅವನು ತಿರುಪನ್ನು ಸಡಿಲಿಸಿ ಪೆಟ್ರೋಲು ಹೆಚ್ಚಿಸುತ್ತ ಹೋದನು. ಮೀಟರು 14ಕ್ಕೆ ಬಂದಾಗ ಸಮಾಧಾನವಾಯಿತು. ವಾರ ಕಳೆಯುವುದರೊಳಗೆ ಮಾಲೀಕರು ಕಾರನ್ನು ಮರಳಿ ತಂದರು. ಪ್ಲಗ್ಗುಗಳು ಮಸಿಹಿಡಿದಿದ್ದವು, ಎಂಜಿನ್ ಎಣ್ಣೆಯಲ್ಲಿ ಪೆಟ್ರೋಲಿನ ವಾಸನೆ ಬರುತ್ತಿತ್ತು. “ಪ್ಲಗ್ ನೋಡಿದ್ರ ಪೆಟ್ರೋಲ್ ಹೆಚ್ಚಾಗೇತಿ ಅಂತಾವ್ರಿ ಸರ್, ಮೀಟರ್ ನೋಡಿದ್ರ ಬರೋಬ್ಬರಿ ಐತಿ ಅಂತೈತಿ. ಯಾವದನ್ನ ನಂಬಲ್ರಿ?” ಎಂದು ಕೇಳಿದನು. ಸಿಲಿಂಡರಿನ ಗೋಡೆಯ ಎಣ್ಣೆಯನ್ನು ಹೆಚ್ಚುವರಿ ಪೆಟ್ರೋಲು ತೊಳೆದುಹಾಕಿದರೆ ಉಂಗುರಗಳೂ ಗೋಡೆಗಳೂ ಸವೆಯುತ್ತವೆ. ಆದುದರಿಂದ ಪ್ರಶ್ನೆ ಹಗುರವಾದುದಾಗಿರಲಿಲ್ಲ.

ಉತ್ತರಕ್ಕೆ ಮೊದಲು ಈ ಉಪಕರಣವು ಏನನ್ನು ಅಳೆಯುತ್ತದೆ ಎಂಬುದನ್ನು ನೋಡಬೇಕು. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಮೀಟರಿನ ಮೇಲೆ ಕಾಣುವ ಅಂಕೆ ಈ ಪ್ರಮಾಣವೇ. ಅಂಕೆ ಇದಕ್ಕಿಂತ ಹೆಚ್ಚಿದ್ದರೆ ತೆಳು ಮಿಶ್ರಣ, ಕಡಿಮೆಯಿದ್ದರೆ ಗಾಢ ಮಿಶ್ರಣ. ಸಂವೇದಕದ ತಿರುಳು ಜಿರ್ಕೋನಿಯಂ ಆಕ್ಸೈಡಿನ ಪಿಂಗಾಣಿ. ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದಾಗ ಈ ಪಿಂಗಾಣಿಯು ಆಮ್ಲಜನಕದ ಅಯಾನುಗಳನ್ನು ತನ್ನ ಮೂಲಕ ಹಾಯಲು ಬಿಡುತ್ತದೆ. ಅದರ ಒಂದು ಪಕ್ಕದಲ್ಲಿ ಹೊರಗಿನ ಗಾಳಿ, ಇನ್ನೊಂದು ಪಕ್ಕದಲ್ಲಿ ಹೊಗೆ ಇದ್ದರೆ ಎರಡರ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕಂತೆ ವಿದ್ಯುತ್ ವಿಭವ ಹುಟ್ಟುತ್ತದೆ. ಜರ್ಮನಿಯ ವಿಜ್ಞಾನಿ ವಾಲ್ಟರ್ ನೆರ್ನ್ಸ್ಟ್ ಅವರ ಸಮೀಕರಣವನ್ನು ಓದಿದವರಿಗೆ ಇದು ಹೊಸತಲ್ಲ. ಬಾಷ್ ಸಂಸ್ಥೆಯ ಇಂಥ ಸಂವೇದಕವನ್ನು 1976ರಲ್ಲಿ ವೋಲ್ವೊ ಕಾರುಗಳಲ್ಲಿ ಮೊದಲಿಗೆ ಅಳವಡಿಸಲಾಯಿತು. ಆದರೆ ಅದು ತಕ್ಕಡಿಯ ಮುಳ್ಳಿನಂತೆ. ಸಮತೋಲದ ಬಿಂದುವಿನ ಆಚೆಗೆ ಹೋದೆವೊ ಈಚೆಗೆ ಬಂದೆವೊ ಎಂಬುದನ್ನಷ್ಟೇ ತಿಳಿಸಬಲ್ಲದು. ಎಷ್ಟು ದೂರ ಎಂಬುದನ್ನು ಹೇಳಲಾರದು.

1990ರ ದಶಕದಲ್ಲಿ ಬಳಕೆಗೆ ಬಂದ ವೈಡ್‌ಬ್ಯಾಂಡ್ ಸಂವೇದಕದಲ್ಲಿ ಎರಡು ಕೋಶಗಳಿವೆ. ಅವುಗಳ ನಡುವಣ ಸೂಕ್ಷ್ಮ ಕುಳಿಯೊಳಕ್ಕೆ ಹೊಗೆ ನುಸುಳಿ ಬರುತ್ತದೆ. ಒಂದು ಕೋಶವು ಕುಳಿಯ ಆಮ್ಲಜನಕವನ್ನು ಗಮನಿಸುತ್ತದೆ. ಇನ್ನೊಂದು, ಆ ಪ್ರಮಾಣವು ಸಮತೋಲದಲ್ಲಿಯೇ ನಿಲ್ಲುವಂತೆ ಆಮ್ಲಜನಕವನ್ನು ಹೊರಕ್ಕೆ ಅಥವಾ ಒಳಕ್ಕೆ ಪಂಪು ಮಾಡುತ್ತದೆ. ಹಾಗೆ ಪಂಪು ಮಾಡಲು ಬೇಕಾದ ವಿದ್ಯುತ್ ಪ್ರವಾಹದ ದಿಕ್ಕು ಮತ್ತು ಪ್ರಮಾಣಗಳಿಂದ ಮಿಶ್ರಣದ ಅಳತೆ ದೊರೆಯುತ್ತದೆ. ಒಳಗಿನ ಪುಟ್ಟ ಹೀಟರು ಪಿಂಗಾಣಿಯನ್ನು 700 ಡಿಗ್ರಿಗೂ ಮಿಗಿಲಾದ ಒಂದೇ ಉಷ್ಣತೆಯಲ್ಲಿ ಇರಿಸುತ್ತದೆ. ಇಲ್ಲಿ ನೆನಪಿಡಬೇಕಾದ ಮಾತೆಂದರೆ, ಸಂವೇದಕವು ಎಂಜಿನ್ನನ್ನು ಅರಿಯದು. ತನ್ನ ತುದಿಗೆ ತಾಗುವ ಅನಿಲವನ್ನು ಮಾತ್ರ ಅರಿಯುತ್ತದೆ. ಆ ಅನಿಲಕ್ಕೆ ಹೊರಗಿನ ಗಾಳಿ ಬೆರೆತಿದ್ದರೆ ಬೆರೆತದ್ದನ್ನೇ ಅಳೆಯುತ್ತದೆ. ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿ ಪೆಟ್ರೋಲು ಉರಿಯದೆ ಹೊರಬಿದ್ದರೆ, ಅದರೊಡನೆ ಬಂದ ಬಳಕೆಯಾಗದ ಆಮ್ಲಜನಕವನ್ನು ಕಂಡು ‘ತೆಳು’ ಎಂದೇ ತೋರಿಸುತ್ತದೆ.

ಈಗ ಪದ್ಮಿನಿಯ ಹಿಂಬದಿಯ ಬಾಯಿಗೆ ಬರೋಣ. ಹೊಗೆಯು ನಲ್ಲಿಯ ನೀರಿನಂತೆ ಒಂದೇ ಸಮನೆ ಹರಿಯುವುದಿಲ್ಲ. ಒಂದೊಂದು ಸಿಲಿಂಡರು ಬರಿದಾದಾಗಲೂ ಒಂದೊಂದು ಅಲೆ ಬರುತ್ತದೆ. ಎರಡು ಅಲೆಗಳ ನಡುವೆ ಒತ್ತಡವು ಹೊರಗಿನ ಗಾಳಿಗಿಂತಲೂ ಕೆಳಕ್ಕೆ ಇಳಿಯಬಹುದು. ಎಂಜಿನ್ನು ನಿಧಾನವಾಗಿ ಓಡುವಾಗ ಆ ಬಿಡುವಿನಲ್ಲಿ ಹೊರಗಿನ ಗಾಳಿ ಕೊಳವೆಯ ಬಾಯಿಯೊಳಕ್ಕೆ ಹಿಂದಿರುಗಿ ಬರುತ್ತದೆ. ಸಂವೇದಕ ಅಲ್ಲಿಯೇ ಇದ್ದರೆ ಆ ಗಾಳಿಯ ಆಮ್ಲಜನಕವೂ ಲೆಕ್ಕಕ್ಕೆ ಸೇರುತ್ತದೆ. ನಮ್ಮ ವಿದ್ಯಾರ್ಥಿ ಕಂಡ 16ರ ಅಂಕೆಯಲ್ಲಿ ಒಂದು ಪಾಲು ಎಂಜಿನ್ನಿನದು, ಒಂದು ಪಾಲು ಅವನ ಗ್ಯಾರೇಜಿನ ಅಂಗಳದ ಗಾಳಿಯದು.

ಎರಡನೆಯ ದೋಷ ಕಾಲದ್ದು. ಇದನ್ನು ಪ್ರೌಢಶಾಲೆಯ ಗಣಿತದಿಂದಲೇ ಅಂದಾಜು ಮಾಡಬಹುದು. ಪದ್ಮಿನಿಯ ಎಂಜಿನ್ನು 1089 ಘನ ಸೆಂಟಿಮೀಟರು, ಅಂದರೆ ಸುಮಾರು 1.1 ಲೀಟರು. ನಿಮಿಷಕ್ಕೆ 800 ಸುತ್ತು ತಿರುಗುವಾಗ ನಾಲ್ಕು ಹೊಡೆತಗಳ ಎಂಜಿನ್ನು 400 ಸಲ ಉಸಿರೆಳೆಯುತ್ತದೆ. 440 ಲೀಟರಿನಷ್ಟು ಜಾಗ. ಆದರೆ ಥ್ರಾಟಲ್ ಮುಚ್ಚಿರುವುದರಿಂದ ಒಳಗಿನ ಒತ್ತಡ ವಾಯುಮಂಡಲದ ಮೂರನೆಯ ಒಂದು ಭಾಗದಷ್ಟೇ. ಆದುದರಿಂದ ಗಾಳಿ ಸುಮಾರು 147 ಲೀಟರು. ಕೊಳವೆಯಲ್ಲಿ ಹೊಗೆಯ ಉಷ್ಣತೆ 300 ಡಿಗ್ರಿ ಎಂದು ಹಿಡಿದರೆ ಚಾರ್ಲ್ಸನ ನಿಯಮದಂತೆ ಗಾತ್ರವು ಹೆಚ್ಚುಕಡಮೆ ಇಮ್ಮಡಿಯಾಗಿ ನಿಮಿಷಕ್ಕೆ 280 ಲೀಟರು, ಸೆಕೆಂಡಿಗೆ 4.7 ಲೀಟರು ಆಗುತ್ತದೆ. ಕೊಳವೆಯ ಒಳವ್ಯಾಸ 4 ಸೆಂಟಿಮೀಟರಾದರೆ ಹೊಗೆಯ ವೇಗ ಸೆಕೆಂಡಿಗೆ ನಾಲ್ಕು ಮೀಟರಿಗೂ ಸ್ವಲ್ಪ ಕಡಿಮೆ. ಎಂಜಿನ್ನಿನಿಂದ ಎರಡೂವರೆ ಅಡಿ ದೂರಕ್ಕೆ ಅದು ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ತಲಪುತ್ತದೆ. ಹಿಂಬದಿಯ ಬಾಯಿಗೆ ತಲಪಲು ಕೊಳವೆಯ ಉದ್ದಕ್ಕೇ ಸುಮಾರು ಒಂದು ಸೆಕೆಂಡು ಬೇಕು. ಹತ್ತು ಲೀಟರು ಹಿಡಿಯುವ ಸೈಲೆನ್ಸರು ತುಂಬಿ ಹೊರಬರಲು ಮತ್ತೆ ಎರಡು ಸೆಕೆಂಡು. ಸೈಲೆನ್ಸರಿನಲ್ಲಿ ಹಳೆಯ ಹೊಗೆ ಹೊಸದರೊಡನೆ ಕಲಸಿಹೋಗುವುದು ಬೇರೆ. ವೇಗವಾಗಿ ಓಡುವಾಗ ಈ ತಡ ನಗಣ್ಯವಾಗುತ್ತದೆ. ಆದರೆ ಆಕ್ಸಿಲರೇಟರನ್ನು ಒತ್ತಿದ ಕ್ಷಣದಲ್ಲಿ ಎಂಜಿನ್ನು ಮುಗ್ಗರಿಸುವುದೇಕೆ ಎಂದು ಹುಡುಕುವವನಿಗೆ ಮೂರು ಸೆಕೆಂಡು ಹಳೆಯ ವರ್ತಮಾನದಿಂದ ಏನೂ ಪ್ರಯೋಜನವಿಲ್ಲ.

ಹಾಗಾದರೆ ಎಂಜಿನ್ನಿಗೆ ಅಂಟಿಕೊಂಡಂತೆಯೇ ಕೂರಿಸಬಾರದೇಕೆ? ಮೊದಲನೆಯದಾಗಿ, ಸಿಲಿಂಡರುಗಳ ಕವಲು ಕೊಳವೆಗಳು ಕೂಡುವ ಮೊದಲೇ ಸಂವೇದಕವನ್ನಿಟ್ಟರೆ ಅದು ಒಂದೇ ಸಿಲಿಂಡರಿನ ಕಥೆಯನ್ನು ಹೇಳುತ್ತದೆ. ಕೂಡಿದ ಒಡನೆಯೇ ಇಟ್ಟರೂ ಅನಿಲಗಳು ಇನ್ನೂ ಬೆರೆತಿರುವುದಿಲ್ಲ. ಎರಡನೆಯದಾಗಿ, ಅಲ್ಲಿ ಶಾಖ ವಿಪರೀತ. ಸುಮಾರು 900 ಡಿಗ್ರಿಯನ್ನು ಮೀರಿದ ಅನಿಲವನ್ನು ಸಂವೇದಕವು ದೀರ್ಘಕಾಲ ತಾಳಲಾರದು. ಸ್ಪ್ಯಾನರು ಹಿಡಿಯುವ ಅದರ ಷಟ್ಕೋನ ಭಾಗಕ್ಕೆ ಮಿತಿ ಇನ್ನೂ ಕಡಿಮೆ, 600 ಡಿಗ್ರಿಯ ಆಸುಪಾಸು. ಹೊಗೆಯೇ ಪಿಂಗಾಣಿಯನ್ನು ನಿಗದಿತ ಉಷ್ಣತೆಗಿಂತ ಹೆಚ್ಚು ಕಾಯಿಸಿದರೆ ಹೀಟರು ಕೈಕಟ್ಟಿ ಕೂರಬೇಕಾಗುತ್ತದೆ, ಅಳತೆ ತಪ್ಪುತ್ತದೆ. ಈ ಎರಡು ಅತಿಗಳ ನಡುವೆ, ಅನಿಲ ಹೊರಬೀಳುವ ರಂಧ್ರದಿಂದ ಕೊಳವೆಯ ಗುಂಟ ಅಳೆದರೆ ಒಂದೂವರೆಯಿಂದ ಮೂರು ಅಡಿಯೊಳಗೆ, ಎಲ್ಲ ಕವಲುಗಳೂ ಕೂಡಿದ ಮೇಲೆ ಸ್ವಲ್ಪ ಮುಂದಕ್ಕೆ ಸಂವೇದಕವಿದ್ದರೆ ಸಾಮಾನ್ಯ ಕಾರುಗಳಿಗೆ ಅದು ಯೋಗ್ಯ ಸ್ಥಾನ.

ಆ ಸ್ಥಾನಕ್ಕೂ ಎಂಜಿನ್ನಿಗೂ ನಡುವೆ ಸೋರಿಕೆ ಇರಕೂಡದು. ಸೋರುವ ಜಾಗದಿಂದ ಹೊಗೆ ಹೊರಹೋಗುವುದು ಮಾತ್ರವಲ್ಲ, ಅಲೆಗಳ ಬಿಡುವಿನಲ್ಲಿ ಗಾಳಿ ಒಳಕ್ಕೂ ಬರುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. ನಿಧಾನಗತಿಯಲ್ಲಿ ತೆಳು ಎಂದು ತೋರಿದ ಮಿಶ್ರಣವು ವೇಗ ಹೆಚ್ಚಿಸಿದೊಡನೆ ಸರಿಯಾದಂತೆ ಕಂಡರೆ, ತಿರುಪಿಗೆ ಕೈಹಾಕುವ ಮೊದಲು ಗ್ಯಾಸ್ಕೆಟ್ಟುಗಳನ್ನು ನೋಡುವುದು ಒಳ್ಳೆಯದು.

ಹೊಸ ಕಾರುಗಳಲ್ಲಿ ವಿಷಾನಿಲವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಮಿಶ್ರಣವನ್ನು ಅಳೆಯುವ ಸಂವೇದಕ ಅದಕ್ಕಿಂತ ಮುಂಚೆಯೇ ಇರಬೇಕು. ಕನ್ವರ್ಟರು ತನ್ನಲ್ಲಿ ಆಮ್ಲಜನಕವನ್ನು ಕೂಡಿಟ್ಟು ಬೇಕಾದಾಗ ಬಿಡುವುದರಿಂದ ಮಿಶ್ರಣದ ಏರಿಳಿತಗಳು ಅದರ ಆಚೆಗೆ ತಡವಾಗಿಯೂ ಮಸುಕಾಗಿಯೂ ಕಾಣುತ್ತವೆ. ಕಾರ್ಖಾನೆಯವರು ಕನ್ವರ್ಟರಿನ ನಂತರ ಇಡುವ ಎರಡನೆಯ ಸಂವೇದಕದ ಮುಖ್ಯ ಕೆಲಸ ಕನ್ವರ್ಟರಿನ ಆರೋಗ್ಯವನ್ನು ಕಾಯುವುದು.

ಟರ್ಬೊಚಾರ್ಜರ್ ಇರುವ ಎಂಜಿನ್ನಿನ ವಿಷಯದಲ್ಲಿ ತಪ್ಪಿಗೆ ಹೆಚ್ಚಿನ ಬೆಲೆ ತೆರಬೇಕಾಗುತ್ತದೆ. ಟರ್ಬೈನಿಗೆ ಮುಂಚೆ ಹೊಗೆಯ ಒತ್ತಡ ಬಹಳ. ಒತ್ತಡ ಏರಿದಂತೆ ಸಂವೇದಕದ ಕುಳಿಯೊಳಕ್ಕೆ ಹೆಚ್ಚು ಅನಿಲ ನುಗ್ಗಿ ಪಂಪಿನ ಪ್ರವಾಹವೂ ಏರುತ್ತದೆ. ಪರಿಣಾಮವಾಗಿ ತೆಳು ಮಿಶ್ರಣ ಇನ್ನೂ ತೆಳುವಾಗಿ, ಗಾಢ ಮಿಶ್ರಣ ಇನ್ನೂ ಗಾಢವಾಗಿ ತೋರುತ್ತದೆ. ಸಮತೋಲದ ಬಿಂದುವಿನಲ್ಲಿ ಮಾತ್ರ ವ್ಯತ್ಯಾಸವಿರುವುದಿಲ್ಲ. ಇದರ ಅಪಾಯವನ್ನು ಯೋಚಿಸಿರಿ. ಪೂರ್ಣಶಕ್ತಿಯಲ್ಲಿ ಓಡುವಾಗ ಟರ್ಬೊ ಎಂಜಿನ್ನಿಗೆ ಗಾಢ ಮಿಶ್ರಣವೇ ರಕ್ಷೆ, ಏಕೆಂದರೆ ಹೆಚ್ಚುವರಿ ಪೆಟ್ರೋಲು ದಹನದ ಶಾಖವನ್ನು ತಗ್ಗಿಸುತ್ತದೆ. ಮೀಟರು ಇರುವುದಕ್ಕಿಂತ ಹೆಚ್ಚು ಗಾಢವೆಂದು ತೋರಿಸಿದರೆ, ಅದನ್ನು ನಂಬಿದವನು ಪೆಟ್ರೋಲನ್ನು ಕಡಿತ ಮಾಡುತ್ತಾನೆ. ಪಿಸ್ಟನ್ನು ಕರಗಿದ ಮೇಲೆ ತಪ್ಪು ತಿಳಿಯುತ್ತದೆ. ಆದುದರಿಂದ ಇಲ್ಲಿ ಸಂವೇದಕದ ಸ್ಥಾನ ಟರ್ಬೈನಿನ ನಂತರ, ಕನ್ವರ್ಟರಿಗೆ ಮುಂಚೆ. ಟರ್ಬೈನು ಅನಿಲಗಳನ್ನು ಚೆನ್ನಾಗಿ ಕಲಸುವುದೂ ಒಂದು ಅನುಕೂಲ.

ಇನ್ನುಳಿದುದು ಓರೆ. ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚುಕಡಮೆ ಒಂದು ಲೀಟರು ನೀರು ಹುಟ್ಟುತ್ತದೆ ಎಂದರೆ ತರಗತಿಯಲ್ಲಿ ಮಕ್ಕಳು ನಂಬುವುದಿಲ್ಲ. ಸಮೀಕರಣ ಬರೆದು ತೋರಿಸಬೇಕಾಗುತ್ತದೆ. ಬಿಸಿಯಾದ ಕೊಳವೆಯಲ್ಲಿ ಅದು ಆವಿಯಾಗಿಯೇ ಹೊರಹೋಗುತ್ತದೆ. ಬೆಳಗಿನ ಚಳಿಯಲ್ಲಿ ತಣ್ಣಗಿರುವ ಕೊಳವೆಯಲ್ಲಿ ಹನಿಗಟ್ಟಿ ತಳದಲ್ಲಿ ಹರಿಯುತ್ತದೆ. ಉರಿಯುವ ಲಾಟೀನಿನ ಗಾಜಿಗೆ ನೀರಿನ ಹನಿ ಬಿದ್ದರೆ ಏನಾಗುವುದೆಂದು ಹಿರಿಯರೆಲ್ಲ ಬಲ್ಲರು. ಕಾದ ಪಿಂಗಾಣಿಗೂ ಅದೇ ಗತಿ. ಕೊಳವೆಯನ್ನು ಅಡ್ಡಲಾಗಿ ಕೊಯ್ದು ಗಡಿಯಾರದ ಮುಖದಂತೆ ಭಾವಿಸಿದರೆ ಸಂವೇದಕವು ಹತ್ತು ಗಂಟೆಗೂ ಎರಡು ಗಂಟೆಗೂ ನಡುವೆ, ತುದಿ ಕೆಳಮುಖವಾಗುವಂತೆ ಇರಬೇಕು. ಜಾಗವಿಲ್ಲದ ಕಡೆ ಕ್ಷಿತಿಜರೇಖೆಗಿಂತ ಕನಿಷ್ಠ 10 ಡಿಗ್ರಿಯಾದರೂ ಮೇಲಕ್ಕೆ ಓರೆಯಾಗಿರಬೇಕು. ಕೊಳವೆ ಬಗ್ಗಿ ನೀರು ನಿಲ್ಲುವ ತಗ್ಗು ಸರ್ವಥಾ ಬೇಡ. ಇದೇ ಕಾರಣದಿಂದ ಎಂಜಿನ್ನು ಹೊತ್ತಿಕೊಳ್ಳುವ ಮೊದಲೇ ಹೀಟರಿಗೆ ವಿದ್ಯುತ್ತು ಕೊಡಬಾರದು. ಹಾಗೆಂದು ವಿದ್ಯುತ್ತು ಕೊಡದೆ ಸಂವೇದಕವನ್ನು ಓಡುವ ಎಂಜಿನ್ನಿನ ಕೊಳವೆಯಲ್ಲಿ ಬಿಟ್ಟರೆ ಮಸಿ ಕಟ್ಟಿ ಕೆಡುತ್ತದೆ.

ಕೂರಿಸುವ ಕೆಲಸದ ಬಗ್ಗೆ ಎರಡು ಮಾತು. 18 ಮಿಲಿಮೀಟರ್ ಮರೆಯ ನಟ್ಟನ್ನು ಕೊಳವೆಗೆ ವೆಲ್ಡಿಂಗ್ ಮಾಡುವಾಗ ಸಂವೇದಕ ಅದರಲ್ಲಿ ಇರಕೂಡದು. ನಟ್ಟು ತೀರ ಎತ್ತರವಾಗಿದ್ದರೆ ಸಂವೇದಕದ ತೂತುಳ್ಳ ತುದಿ ಅದರ ಮರೆಯಲ್ಲಿಯೇ ಉಳಿದು ಹೊಗೆಯ ಪ್ರವಾಹವನ್ನು ಮುಟ್ಟುವುದಿಲ್ಲ. ಗ್ಯಾಸ್ಕೆಟ್ಟಿಗೆ ಸಿಲಿಕೋನ್ ಅಂಟು ಬಳಿಯುವ ಅಭ್ಯಾಸವನ್ನು ಬಿಡಬೇಕು. ಸಿಲಿಕಾನ್ ಈ ಪಿಂಗಾಣಿಗೆ ವಿಷ. ಸೀಸವೂ ವಿಷವೇ, ನಮ್ಮ ದೇಶದಲ್ಲಿ 2000ದಿಂದ ಎಲ್ಲೆಡೆ ಸೀಸರಹಿತ ಪೆಟ್ರೋಲೇ ಇರುವುದರಿಂದ ಆ ಚಿಂತೆ ಕಡಿಮೆಯಾಗಿದೆ.

ಪದ್ಮಿನಿಯ ಮುಂಗೊಳವೆಗೆ, ಎಂಜಿನ್ನಿನಿಂದ ಎರಡೂವರೆ ಅಡಿ ದೂರದಲ್ಲಿ, ಎರಡು ಗಂಟೆಯ ಓರೆಯಲ್ಲಿ ನಟ್ಟು ಕೂರಿಸಿದೆವು. ಮ್ಯಾನಿಫೋಲ್ಡಿನ ಕೆಳಗಿನ ಗ್ಯಾಸ್ಕೆಟ್ಟು ಒಂದು ಕಡೆ ಸುಟ್ಟಿತ್ತು, ಅದನ್ನೂ ಬದಲಿಸಿದ್ದಾಯಿತು. ತಿರುಪನ್ನು ಮುಟ್ಟದೆ ಎಂಜಿನ್ನನ್ನು ಹಚ್ಚಿದಾಗ, ಮೊದಲು 14 ತೋರಿಸಿದ್ದ ಮೀಟರು 11.5 ತೋರಿಸಿತು. ಪ್ಲಗ್ಗುಗಳು ಹೇಳಿದ್ದೇ ನಿಜವಾಗಿತ್ತು. ತಿರುಪನ್ನು ಬಿಗಿಮಾಡುತ್ತ ಬಂದು ಎಂಜಿನ್ನಿನ ನಡುಕ ನಿಂತ ಕಡೆ ನಿಲ್ಲಿಸಿದನು. ಎಣ್ಣೆಯನ್ನು ಬದಲಿಸಿ, ಮಾಲೀಕರಿಂದ ಕೂಲಿ ಪಡೆಯದೆ ಕಾರನ್ನು ಒಪ್ಪಿಸಿದನು. ಆ ಹಳೆಯ ಹಿಡಿಕೆಯನ್ನು ನಮ್ಮ ವಿಜ್ಞಾನ ಕೊಠಡಿಗೆ ತಂದುಕೊಟ್ಟಿದ್ದಾನೆ. ಒಂಬತ್ತನೆಯ ತರಗತಿಯವರಿಗೆ ಅನಿಲಗಳ ಪಾಠ ಮಾಡುವಾಗ ಅದು ಮೇಜಿನ ಮೇಲೆ ಇರುತ್ತದೆ.