ಡೌನ್‌ಲೋಡ್ಸ್‌ನಲ್ಲಿ ಉಳಿದ ಆಧಾರ್

ಕಳೆದ ತಿಂಗಳು ವಿದ್ಯಾರ್ಥಿವೇತನದ ಅರ್ಜಿ ತುಂಬಲು ಎರಡನೇ ಸಲ ಸೈಬರ್ ಸೆಂಟರ್‌ಗೆ ಹೋಗಿದ್ದೆ. ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಯಾರ ಯಾರದೋ ಅಂಕಪಟ್ಟಿ, ಪಾಸ್‌ಬುಕ್ ಪುಟ. ಹಿಂದಿನ ವಾರ ನಾನು ಇಳಿಸಿಕೊಂಡಿದ್ದ ಅಮ್ಮಿಯ ಇ-ಆಧಾರ್ ಕೂಡ ಅಲ್ಲೇ ಇತ್ತು!

ಪಾಸ್‌ವರ್ಡ್ ಇದೆಯಲ್ಲ ಎಂದುಕೊಂಡೆ. ಆದರೆ ಇ-ಆಧಾರ್‌ನ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡ ಅಕ್ಷರಗಳು ಮತ್ತು ಹುಟ್ಟಿದ ವರ್ಷ. ಪರಿಚಯದವರು ಯಾರು ಬೇಕಾದರೂ ತೆರೆಯಬಹುದು.

ಅಂದಿನಿಂದ ನಾನು ಪಾಲಿಸುವ ಕ್ರಮಗಳು ಇವು:

1. ಸಾಧ್ಯವಾದಲ್ಲಿ ಮಾಸ್ಕ್ಡ್ ಆಧಾರ್ ಕೊಡುತ್ತೇನೆ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ.

2. ಬ್ರೌಸರ್ 'ಪಾಸ್‌ವರ್ಡ್ ಸೇವ್ ಮಾಡಲೇ?' ಎಂದು ಕೇಳಿದರೆ ಬೇಡ ಎನ್ನುತ್ತೇನೆ. ಕೆಲಸ ಮುಗಿದ ಮೇಲೆ ಲಾಗ್ ಔಟ್ ಮಾಡುತ್ತೇನೆ.

3. ಇನ್‌ಕಾಗ್ನಿಟೊ ಬಳಸುತ್ತೇನೆ. ಅದನ್ನು ಮುಚ್ಚಿದರೂ ಇಳಿಸಿದ ಫೈಲ್ ಉಳಿಯುತ್ತದೆ ಎಂಬುದನ್ನು ಮರೆಯುವುದಿಲ್ಲ.

4. ಬರೀ ಡಿಲೀಟ್ ಒತ್ತಿದರೆ ಫೈಲ್ ರಿಸೈಕಲ್ ಬಿನ್‌ಗೆ ಹೋಗುತ್ತದೆ. ಆದ್ದರಿಂದ ಶಿಫ್ಟ್ ಜೊತೆ ಡಿಲೀಟ್ ಒತ್ತುತ್ತೇನೆ.

ಅಮ್ಮಿಗೆ ಕಂಪ್ಯೂಟರ್ ಗೊತ್ತಿಲ್ಲ, ನನ್ನನ್ನು ನಂಬಿ ದಾಖಲೆ ಕೊಟ್ಟರು. ನಂಬಿ ಒಪ್ಪಿಸಿದ್ದನ್ನು ಜೋಪಾನ ಮಾಡುವುದು ನಮ್ಮ ಹೊಣೆ. ಸ್ನೇಹಿತರೇ, ಸೆಂಟರ್‌ನಿಂದ ಏಳುವ ಮುನ್ನ ಒಮ್ಮೆ ಡೌನ್‌ಲೋಡ್ಸ್ ನೋಡಿ.