ತರಗತಿಯಲ್ಲಿ ಸೀಟು, ಗೆಳೆಯರ ನಡುವೆ ಜಾಗ

ಗಾಲಿಕುರ್ಚಿಯಲ್ಲಿ ಓಡಾಡುವ ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತೆಂದರೆ ಹೆತ್ತವರಿಗೆ ಎಷ್ಟೋ ನೆಮ್ಮದಿ. ಆದರೆ ಪಾಠ ಮುಗಿದು ಎಲ್ಲರೂ ಕ್ಯಾಂಟೀನಿಗೆ ಹೊರಟಾಗ ಅವಳನ್ನೂ "ಬಾ" ಎಂದು ಕರೆಯುವವರು ಯಾರು?

ಕಾನೂನು ತನ್ನ ಪಾಲಿನ ಬಾಗಿಲನ್ನು ತೆರೆದಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಕನಿಷ್ಠ ಶೇ. 5ರಷ್ಟು ಸೀಟುಗಳನ್ನು, ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವವರಿಗೆ ಮೀಸಲಿಡಬೇಕು. ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆಯೂ ಉಂಟು. 1995ರ ಕಾಯ್ದೆ 7 ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು. ಹೊಸದು 21 ಬಗೆಗಳನ್ನು ಗುರುತಿಸಿದೆ. ಆದರೆ ಗೆಳೆತನವನ್ನು ಯಾವ ಕಾಯ್ದೆಯೂ ಮೀಸಲಿಡಲಾರದು.

ಒಡನಾಟದ ಬಲ ಎಂಥದೆಂದು ತಿಳಿಯಲು ಅಮೆರಿಕದ ಎಡ್ ರಾಬರ್ಟ್ಸ್ ಅವರ ಬದುಕನ್ನು ನೋಡೋಣ. 14ನೆಯ ವಯಸ್ಸಿನಲ್ಲಿ ಪೋಲಿಯೋ ತಗಲಿ ಅವರ ದೇಹ ಕುತ್ತಿಗೆಯಿಂದ ಕೆಳಗೆ ಬಹುಪಾಲು ಸ್ವಾಧೀನ ತಪ್ಪಿತು. ಉಸಿರಾಟಕ್ಕೆ ದೊಡ್ಡ ಯಂತ್ರವೇ ಬೇಕಾಯಿತು. 1962ರಲ್ಲಿ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದಾಗ, ಆ ಯಂತ್ರವನ್ನಿಡಲು ಹಾಸ್ಟೆಲಿನಲ್ಲಿ ಅನುಕೂಲವಿರಲಿಲ್ಲ. ಆವರಣದ ಕೋವೆಲ್ ಆಸ್ಪತ್ರೆಯೇ ಅವರ ಮನೆಯಾಯಿತು. ಕ್ರಮೇಣ ತೀವ್ರ ಅಂಗವೈಕಲ್ಯವಿದ್ದ ಇತರ ವಿದ್ಯಾರ್ಥಿಗಳೂ ಅಲ್ಲಿ ನೆಲೆಸಿದರು. 'ರೋಲಿಂಗ್ ಕ್ವಾಡ್ಸ್' ಎಂದು ತಮಗೆ ತಾವೇ ಹೆಸರಿಟ್ಟುಕೊಂಡರು. ಒಬ್ಬೊಬ್ಬರಾಗಿದ್ದಾಗ ಇರದ ದನಿ ಒಂದಾದಾಗ ಬಂತು. ಸಹಾಯಕರ ನೆರವು, ಗಾಲಿಕುರ್ಚಿ ರಿಪೇರಿ, ತಕ್ಕ ವಸತಿ, ಇವುಗಳಿಗಾಗಿ ವಿಶ್ವವಿದ್ಯಾಲಯದಲ್ಲೇ ಒಂದು ಯೋಜನೆ ಆರಂಭವಾಯಿತು. ದುಡಿಯಲಾರದವರೆಂದು ಹಿಂದೆ ಅವರಿಗೆ ನೆರವು ನಿರಾಕರಿಸಿದ್ದ ರಾಜ್ಯ ಪುನರ್ವಸತಿ ಇಲಾಖೆಗೇ ರಾಬರ್ಟ್ಸ್ 1975ರಲ್ಲಿ ನಿರ್ದೇಶಕರಾದರು!

ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಮಾಡಬಹುದಾದದ್ದು ದೊಡ್ಡದೇನಲ್ಲ. ಗಾಲಿಕುರ್ಚಿಯನ್ನು ತಳ್ಳುವ ಮುನ್ನ ಕೇಳಲಿ. ಜೊತೆಗಿರುವ ಸಹಾಯಕರನ್ನು ಬಿಟ್ಟು ನೇರವಾಗಿ ಗೆಳೆಯನೊಡನೆಯೇ ಮಾತಾಡಲಿ. ಕಣ್ಣು ಕಾಣದ ಗೆಳತಿಯ ಬಳಿ ಬಂದಾಗ ತಮ್ಮ ಹೆಸರು ಹೇಳಲಿ. ತುಟಿಚಲನೆ ನೋಡಿ ಅರ್ಥಮಾಡಿಕೊಳ್ಳುವವನ ಎದುರು ಮುಖಕೊಟ್ಟು ಮಾತಾಡಲಿ. ಪ್ರವಾಸದ ಜಾಗ ಗೊತ್ತುಮಾಡುವ ಮೊದಲೇ ಅಲ್ಲಿ ಇಳಿಜಾರು ದಾರಿ, ಬಳಸಲಾಗುವ ಶೌಚಾಲಯ ಇವೆಯೇ ಎಂದು ವಿಚಾರಿಸಲಿ.

ಹೆತ್ತವರಿಗೂ ಒಂದು ಮಾತು. ಬಿದ್ದಾಳೆಂಬ ಭಯದಿಂದ ಮಗಳನ್ನು ಪಾಠ ಮುಗಿದ ಕೂಡಲೇ ಮನೆಗೆ ಕರೆತರುವುದು ಸಹಜ. ಆದರೆ ಗೆಳೆತನ ಕುದುರುವುದು ಆ ಬಿಡುವಿನ ಹೊತ್ತಿನಲ್ಲೇ. ಅಷ್ಟನ್ನು ಅವಳಿಗೆ ಬಿಟ್ಟುಕೊಡಿ.

ಮನೆಯಲ್ಲಿ ಚರ್ಚಿಸಿರಿ:
1. ನಮ್ಮ ಮಕ್ಕಳ ತರಗತಿಯಲ್ಲಿ ಒಂಟಿಯಾಗಿ ಊಟಮಾಡುವವರು ಯಾರಾದರೂ ಇದ್ದಾರೆಯೇ?
2. ಅವರನ್ನು ನಾವು ಎಂದಾದರೂ ಮನೆಗೆ ಕರೆದಿದ್ದೇವೆಯೇ?