ಕುಚ್ಚು ಹಾಕುವ ಕೈಗೆ ಒಂದು ಜೊತೆ ಗ್ಲೌಸ್

ಸೀರೆಗೆ ಕ್ರೋಶಾ ಕುಚ್ಚು ಹಾಕಲು ಬರುತ್ತದೆಯೇ? ಹಾಗಿದ್ದರೆ ಮುಂದಿನ ಕೆಲಸದಲ್ಲಿ ಮುಕ್ಕಾಲು ಪಾಲು ನಿಮಗೆ ಆಗಲೇ ಗೊತ್ತು. ಸೆರಗಿನ ಅಂಚಿಗೆ ಹಾಕುವ ಅದೇ ಚೈನು, ಅದೇ ಸಿಂಗಲ್, ಅದೇ ಡಬಲ್. ರೇಷ್ಮೆ ದಾರದ ಬದಲು ಉಲ್ಲನ್, ಸಣ್ಣ ಕಡ್ಡಿಯ ಬದಲು ದಪ್ಪ ಕಡ್ಡಿ, ಅಷ್ಟೆ. ಉಲ್ಲನ್ ರೇಷ್ಮೆಯಂತೆ ಜಾರುವುದಿಲ್ಲ, ಕಣ್ಣಿಗೂ ಅಷ್ಟು ಶ್ರಮವಿಲ್ಲ. ನನ್ನನ್ನು ಕೇಳಿದರೆ ಕುಚ್ಚಿಗಿಂತ ಇದೇ ಸುಲಭ.

ಬೆರಳು ಮುಚ್ಚದ ಗ್ಲೌಸನ್ನೇ ಆರಿಸಿಕೊಳ್ಳಲು ಎರಡು ಕಾರಣ. ಡಿಸೆಂಬರ್ ತಿಂಗಳ ಬೆಳಿಗ್ಗೆ ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಕೈ ಮರಗಟ್ಟುತ್ತಿದ್ದರೂ ಮೊಬೈಲ್ ಒತ್ತಬೇಕು, ಚಿಲ್ಲರೆ ಎಣಿಸಬೇಕು, ಹೂ ಬಿಡಿಸಬೇಕು. ಬೆರಳ ತುದಿ ಹೊರಗಿದ್ದರೆ ಇದೆಲ್ಲ ಸಲೀಸು. ಇನ್ನೊಂದು ಕಾರಣ ಹೆಣೆಯುವವರ ಅನುಕೂಲ. ಐದು ಬೆರಳಿಗೆ ಐದು ಕೊಳವೆ ಹೆಣೆಯುವ ತಲೆನೋವಿಲ್ಲ. ಒಂದು ಚೌಕದ ತುಂಡು ಹೆಣೆದು, ಮಡಚಿ, ಹೆಬ್ಬೆರಳಿಗೆ ಜಾಗ ಬಿಟ್ಟು ಹೊಲಿದರೆ ಮುಗಿಯಿತು.

ದಾರ ಮತ್ತು ಕಡ್ಡಿ

ಕುಚ್ಚಿನ ಸ್ಟೀಲ್ ಕಡ್ಡಿ ಇಲ್ಲಿ ನಡೆಯದು, ಅದರ ಕೊಕ್ಕೆಗೆ ಉಲ್ಲನ್ ಸಿಕ್ಕುವುದೇ ಇಲ್ಲ. 4 ಮಿ.ಮೀ. ಕಡ್ಡಿ ಕೇಳಿ ತನ್ನಿ. ದಾರ ಮಧ್ಯಮ ದಪ್ಪದ್ದಿರಲಿ. ಲೇಬಲ್ಲಿನ ಮೇಲೆ ಡಬಲ್ ನಿಟ್ಟಿಂಗ್ ಅಥವಾ ಡಿಕೆ ಎಂದಿದ್ದರೆ ಅದೇ. ಒಂದು ಜೊತೆಗೆ 50 ಗ್ರಾಂನ ಒಂದು ಉಂಡೆ ಸಾಲದೆ ಬರಬಹುದು. ಒಂದೇ ಸಲಕ್ಕೆ 100 ಗ್ರಾಂ ತಂದುಬಿಡಿ. ಮತ್ತೆ ಹೋದಾಗ ಅದೇ ಬಣ್ಣ ಸಿಕ್ಕರೂ ಬೇರೆ ಲಾಟಿನದ್ದಾದರೆ ಛಾಯೆ ಬೇರೆಯಾಗಿರುತ್ತದೆ. ಬಲಗೈ ಒಂದು ಹಸಿರು, ಎಡಗೈ ಇನ್ನೊಂದು ಹಸಿರು. ಬೆಂಗಳೂರಿನವರಿಗೆ ಚಿಕ್ಕಪೇಟೆ, ರಾಜಾ ಮಾರ್ಕೆಟ್ ಇದ್ದೇ ಇದೆ. ಉಳಿದ ಊರುಗಳಲ್ಲಿ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ವಿಚಾರಿಸಿ.

ಉಲ್ಲನ್ ಎಂದು ಕೊಟ್ಟದ್ದೆಲ್ಲ ಕುರಿಯ ಉಣ್ಣೆಯಲ್ಲ. ಅಗ್ಗದ ಉಂಡೆಗಳು ಬಹುಪಾಲು ಅಕ್ರಿಲಿಕ್. ಅನುಮಾನವಿದ್ದರೆ ಮನೆಗೆ ಬಂದು ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಬೆಂಕಿ ತೋರಿಸಿ. ಉಣ್ಣೆಯಾದರೆ ಸುಟ್ಟ ಕೂದಲಿನ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಗ್ಲೌಸಿಗೆ ಅಕ್ರಿಲಿಕ್ ಕೆಟ್ಟದ್ದೇನಲ್ಲ. ಚುಚ್ಚುವುದಿಲ್ಲ, ನುಸಿ ತಿನ್ನುವುದಿಲ್ಲ, ಒಗೆಯುವುದು ಸುಲಭ. ಆದರೆ ಅದನ್ನು ಹಾಕಿಕೊಂಡು ಗ್ಯಾಸ್ ಒಲೆಯ ಮುಂದೆ ನಿಲ್ಲಬೇಡಿ. ಕರಗಿದ್ದು ಚರ್ಮಕ್ಕೇ ಅಂಟಿಕೊಳ್ಳುತ್ತದೆ.

ಇದರ ಜೊತೆಗೆ ಒಂದು ಟೇಪು, ಎರಡು ಮೂರು ಪಿನ್ನು, ದೊಡ್ಡ ಕಣ್ಣಿನ ಮೊಂಡು ಸೂಜಿ. ದಬ್ಬಣ ಬೇಡ, ಅದರ ಚೂಪು ಎಳೆಯನ್ನು ಸೀಳಿಬಿಡುತ್ತದೆ.

ಹೆಸರಿನ ಗೊಂದಲ

ಬ್ರಿಟಿಷ್ ಪುಸ್ತಕದಲ್ಲಿ ಡಬಲ್ ಎಂದಿರುವುದು ಅಮೆರಿಕದವರ ಲೆಕ್ಕದಲ್ಲಿ ಸಿಂಗಲ್. ಅಮ್ಮನ ಕಾಲದ ಪುಸ್ತಕವನ್ನೂ ಯೂಟ್ಯೂಬ್ ವಿಡಿಯೊವನ್ನೂ ಒಟ್ಟಿಗೆ ಇಟ್ಟುಕೊಂಡು ಕೂತವರು ದಾರಿ ತಪ್ಪುವುದು ಇಲ್ಲೇ. ನಾನು ಇಲ್ಲಿ ಅಮೆರಿಕದ ಹೆಸರುಗಳನ್ನೇ ಬಳಸಿದ್ದೇನೆ. ಬೇಕಾದವು ಎರಡೇ.

ಸಿಂಗಲ್: ಕಡ್ಡಿಯನ್ನು ಸ್ಟಿಚ್ಚಿನೊಳಗೆ ತೂರಿಸಿ ದಾರ ಎಳೆಯಿರಿ. ಕಡ್ಡಿಯ ಮೇಲೆ ಎರಡು ಕುಣಿಕೆ. ಮತ್ತೆ ದಾರ ಸುತ್ತಿ ಎರಡರಿಂದಲೂ ಎಳೆದುಬಿಡಿ.

ಹಾಫ್ ಡಬಲ್: ಮೊದಲು ಕಡ್ಡಿಗೆ ಒಂದು ಸುತ್ತು ದಾರ ಹಾಕಿಕೊಂಡು ತೂರಿಸಿ, ದಾರ ಎಳೆಯಿರಿ. ಈಗ ಮೂರು ಕುಣಿಕೆ. ದಾರ ಸುತ್ತಿ ಮೂರರಿಂದಲೂ ಒಂದೇ ಸಲ ಎಳೆಯಿರಿ. ಕುಚ್ಚಿನ ಡಬಲ್‌ನಲ್ಲಿ ಎರಡೆರಡಾಗಿ ಎಳೆದು ರೂಢಿಯಾದ ಕೈ ಮೊದಲ ಹತ್ತು ನಿಮಿಷ ಇಲ್ಲಿ ತಪ್ಪುತ್ತದೆ, ಆಮೇಲೆ ಸರಿಹೋಗುತ್ತದೆ.

ಅಳತೆ

ಹೆಬ್ಬೆರಳನ್ನು ಬಿಟ್ಟು, ಅಂಗೈಯ ಅಗಲವಾದ ಭಾಗಕ್ಕೆ ಟೇಪು ಸುತ್ತಿ. ಹೆಂಗಸರಿಗೆ ಸಾಮಾನ್ಯವಾಗಿ 18-19 ಸೆಂ.ಮೀ. ಬರುತ್ತದೆ. ಗ್ಲೌಸ್ ಇದಕ್ಕಿಂತ ಒಂದೂವರೆ, ಎರಡು ಸೆಂ.ಮೀ. ಕಡಿಮೆಯೇ ಇರಬೇಕು. ಹೆಣಿಗೆ ಹಿಗ್ಗುತ್ತದೆ, ಸರಿಯಳತೆಗೆ ಮಾಡಿದರೆ ವಾರದೊಳಗೆ ಜೋಲುತ್ತದೆ.

ಇನ್ನು ಎಲ್ಲರೂ ಹಾರಿಸಿಬಿಡುವ ಹಂತ. ಹಾಫ್ ಡಬಲ್‌ನಲ್ಲಿ 16 ಸ್ಟಿಚ್ ಅಗಲ, 12 ಸಾಲು ಎತ್ತರದ ಒಂದು ಚೂರು ಹೆಣೆದು ಅಳೆಯಿರಿ. ಎರಡೂ ಕಡೆ ಹತ್ತಿರ ಹತ್ತಿರ 10 ಸೆಂ.ಮೀ. ಬಂದರೆ ನನ್ನ ಲೆಕ್ಕ ನಿಮಗೂ ಸರಿ. ಚೂರು ಚಿಕ್ಕದಾದರೆ ನಿಮ್ಮ ಕೈ ಬಿಗಿ, 4.5 ಕಡ್ಡಿ ಹಿಡಿಯಿರಿ. ದೊಡ್ಡದಾದರೆ 3.5. ಆ ಚೂರನ್ನು ಬಿಚ್ಚಿ ದಾರ ಮತ್ತೆ ಬಳಸಿಕೊಳ್ಳಬಹುದು.

ಹೆಣಿಗೆ

ಜಾರುಗಂಟು ಹಾಕಿ 31 ಚೈನು ಹಾಕಿ. ಈ ಉದ್ದವೇ ಗ್ಲೌಸಿನ ಉದ್ದ. ನಾವು ಕೈಯನ್ನು ಅಡ್ಡಕ್ಕೆ ಹೆಣೆಯುತ್ತಿದ್ದೇವೆ.

ಮೊದಲ ಸಾಲು: ಕಡ್ಡಿಯಿಂದ ಎರಡನೇ ಚೈನಿನಲ್ಲಿ ಶುರುಮಾಡಿ 10 ಸಿಂಗಲ್, ಮುಂದೆ 20 ಹಾಫ್ ಡಬಲ್. ಒಟ್ಟು 30. ಸಿಂಗಲ್ ಇರುವ ತುದಿ ಮಣಿಕಟ್ಟಿನ ಕಡೆಯದು. ಸಿಂಗಲ್ ಗಿಡ್ಡ, ಹಾಫ್ ಡಬಲ್ ಎತ್ತರ. ಸಾಲು ಮೇಲೆ ಸಾಲು ಬಿದ್ದಂತೆ ಮಣಿಕಟ್ಟು ತಾನಾಗಿ ಕಿರಿದಾಗುತ್ತದೆ. ಆ ತುದಿಗೆ ಒಂದು ಪಿನ್ನು ಸಿಕ್ಕಿಸಿಡಿ.

ಎರಡನೇ ಸಾಲು: 1 ಚೈನು ಹಾಕಿ ತಿರುಗಿಸಿ. ಈಗ 20 ಹಾಫ್ ಡಬಲ್, ಕೊನೆಗೆ 10 ಸಿಂಗಲ್. ಪ್ರತಿ ಸ್ಟಿಚ್ಚಿನ ತಲೆಯ ಮೇಲೆ ಜಡೆಯಂತೆ ಎರಡು ಎಳೆ ಕಾಣುತ್ತವಲ್ಲ, ಇಲ್ಲಿಂದ ಮುಂದೆ ಅದರಲ್ಲಿ ಆಚೆ ಬದಿಯ ಒಂದೇ ಎಳೆಗೆ ಕಡ್ಡಿ ತೂರಿಸಿ. ಈಚೆಯ ಎಳೆ ಹಾಗೇ ಉಳಿದು ಏಣು ಮೂಡುತ್ತದೆ, ಸ್ವೆಟರಿನ ಅಂಚಿನಂತೆ ಹಿಗ್ಗುವ ಗುಣ ಬರುವುದು ಅದರಿಂದಲೇ. ಹಾಫ್ ಡಬಲ್‌ಗೆ ಇನ್ನೂ ಕೆಳಗೆ, ಬೆನ್ನಿನ ಕಡೆ ಮೂರನೆಯ ಎಳೆಯೊಂದು ಅಡ್ಡ ಬಿದ್ದಿರುತ್ತದೆ. ಅದನ್ನು ಎತ್ತಬೇಡಿ.

ಹೀಗೆ ಹೋಗುತ್ತಾ ಬರುತ್ತಾ 20 ಸಾಲು. ಸಾಲು ಎಣಿಸುವುದು ಕಷ್ಟವಲ್ಲ, ಎರಡು ಸಾಲಿಗೆ ಒಂದು ಏಣು. ಮೊದಲ ಐದಾರು ಸಾಲಿನವರೆಗೆ ಪ್ರತಿ ಸಾಲಿನ ಕೊನೆಯಲ್ಲಿ 30 ಇದೆಯೇ ಎಂದು ನೋಡಿಕೊಳ್ಳಿ. ಕೊನೆಯ ಸ್ಟಿಚ್ ಕಣ್ಣುತಪ್ಪಿಸಿ ಕೂರುವುದರಲ್ಲಿ ನಿಸ್ಸೀಮ. ಸಾಲಿಗೊಂದು ಬಿಟ್ಟುಹೋದರೆ ನಿಮ್ಮ ಚೌಕ ಸಮೋಸ ಆಗಿರುತ್ತದೆ. 18 ಸಾಲಾದ ಮೇಲೆ ಒಮ್ಮೆ ಕೈಗೆ ಸುತ್ತಿ ನೋಡಿ. ಸ್ವಲ್ಪ ಎಳೆದರೆ ಅಂಚುಗಳು ಕೂಡುವಂತಿದ್ದರೆ ಇನ್ನೆರಡು ಸಾಲಿಗೆ ಸಾಕು.

ಹೊಲಿಗೆ ಮತ್ತು ಹೆಬ್ಬೆರಳು

ಅರ್ಧ ಮೀಟರಿನಷ್ಟು ದಾರ ಬಿಟ್ಟು ಕತ್ತರಿಸಿ. 20ನೇ ಸಾಲು ಮಣಿಕಟ್ಟಿನ ಕಡೆಯೇ ಮುಗಿದಿರುತ್ತದೆ, ಹೊಲಿಗೆ ಅಲ್ಲಿಂದಲೇ ಮೇಲಕ್ಕೆ. ಮೊದಲ ಅಂಚು, ಕೊನೆಯ ಅಂಚು ಜೋಡಿಸಿ 15 ಸ್ಟಿಚ್ ಹೊಲಿಯಿರಿ. ಮುಂದಿನ 8 ಸ್ಟಿಚ್ ಹೆಬ್ಬೆರಳಿನ ಕಿಂಡಿ. ಅಲ್ಲಿ ಒಂದೇ ಅಂಚಿನೊಳಗೆ ದಾರ ನುಗ್ಗಿಸಿಕೊಂಡು ಸಾಗಿ, ಎರಡನ್ನೂ ಸೇರಿಸಬೇಡಿ. ಉಳಿದ 7 ಹೊಲಿದು ಬಿಗಿಮಾಡಿ. ಬಿಗಿಯುವ ಮೊದಲು ಒಮ್ಮೆ ತೊಟ್ಟು ನೋಡುವುದು ಒಳ್ಳೆಯದು. ಹೆಬ್ಬೆರಳು ಎಲ್ಲಿಂದ ಕವಲೊಡೆಯುತ್ತದೆ ಎಂಬುದು ಕೈಯಿಂದ ಕೈಗೆ ಬೇರೆ.

ಕಿಂಡಿಯನ್ನು ಹಾಗೇ ಬಿಟ್ಟರೂ ನಡೆಯುತ್ತದೆ. ಅಂದ ಬೇಕೆಂದರೆ ಸುತ್ತಲೂ ಸಿಂಗಲ್ ಹಾಕಿ: ಒಂದೊಂದು ಬದಿಗೆ 8, ಎರಡೂ ಮೂಲೆಗೆ ಒಂದೊಂದು, ಒಟ್ಟು 18. ಮೂಲೆಯದನ್ನು ಮರೆತರೆ ಅಲ್ಲೊಂದು ತೂತು ಉಳಿದು ಗಾಳಿ ಹೊಡೆಯುತ್ತದೆ. ಮೂರು ಸುತ್ತು ಸಾಕು.

ಈ ಮಾದರಿಯಲ್ಲಿ ಎಡ, ಬಲ ಎಂಬ ಭೇದವಿಲ್ಲ. ಆದರೂ ಎರಡನೆಯದು ಮೊದಲನೆಯದರಂತೆ ಆಗುವುದೇ ಈ ಕೆಲಸದ ಕಷ್ಟ. ನನ್ನ ಮೊದಲ ಜೊತೆಯಲ್ಲಿ ಒಂದನ್ನು ಮನೆಯಲ್ಲಿ ಕೂತು ಹೆಣೆದೆ, ಇನ್ನೊಂದನ್ನು ತಿಂಗಳು ಬಿಟ್ಟು ಬಸ್ಸಿನಲ್ಲಿ. ಲೆಕ್ಕ ಒಂದೇ, ಆದರೆ ಎರಡನೆಯದು ಒಂದು ಬೆರಳು ಉದ್ದವಾಗಿತ್ತು. ಕೈಯ ಬಿಗಿ ದಿನದಿನಕ್ಕೆ ಬದಲಾಗುತ್ತದೆ. ಹಾಗಾಗಿ ಮೊದಲನೆಯದು ಮುಗಿದ ಸಂಜೆಯೇ ಎರಡನೆಯದರ 31 ಚೈನು ಹಾಕಿಟ್ಟು ಮಲಗಿ.

ಗಂಡಸರ ಕೈಗೆ 35 ಚೈನು, 24 ಸಾಲು. ಹೊಲಿಗೆ 17, ಕಿಂಡಿ 9, ಮೇಲೆ 8. ಎಂಟು ವರ್ಷದ ಮಗುವಿಗೆ 23 ಚೈನು, 16 ಸಾಲು; ಹೊಲಿಗೆ 11, ಕಿಂಡಿ 6, ಮೇಲೆ 5. ಮಗುವಿಗೆ ಮಣಿಕಟ್ಟಿನ ಸಿಂಗಲ್ 7 ಇದ್ದರೆ ಸಾಕು.

ಒಗೆಯುವಾಗ ತಣ್ಣೀರು, ಸ್ವಲ್ಪ ಶಾಂಪೂ. ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ. ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗಿ ಮೊಣಕೈವರೆಗೆ ಬರುತ್ತದೆ.